ನಾಲ್ಕನೆಯ ವಿಳಾಸ

ದಿಲ್ಲಿಯ ಓಖ್ಲಾದಲ್ಲಿ ನನ್ನ ಜೊತೆ ಕೆಲಸಕ್ಕಿದ್ದ ಸ್ಯಾಮ್ಯುಯಲ್ ನೈಜೀರಿಯಾದವನು. ಮನೆ ಬದಲಿಸಿದಾಗಲೆಲ್ಲ ವಿದೇಶಿಯರ ನೋಂದಣಿ ಕಚೇರಿಗೆ ಹೋಗಿ ಹೊಸ ವಿಳಾಸ ಕೊಡಬೇಕಿತ್ತು. ಈ ಸಲ ಹಿಂದಿ ಮಾತಾಡಲೆಂದು ನಾನೂ ಹೋಗಿದ್ದೆ.

“ಒಂದೇ ವರ್ಷಕ್ಕೆ ನಾಲ್ಕನೇ ಮನೆ! ಯಾಕೆ?” ಅಧಿಕಾರಿ ಗದರಿದರು.

ಅವನ ಬಣ್ಣ ಸಹಿಸದ ಅಕ್ಕಪಕ್ಕದವರ ಮಾತು ಕೇಳಿ ಮಾಲೀಕರು ಮನೆ ಬಿಡಿಸಿದ್ದರು. ಅದನ್ನು ಹೇಳಲಾಗದೆ ನಾನು ತಡವರಿಸುತ್ತಿದ್ದಾಗ ಸ್ಯಾಮ್ಯುಯಲ್ಲೇ ಹರಕು ಹಿಂದಿಯಲ್ಲಿ, “ದಿಲ್ಲಿಯನ್ನೆಲ್ಲ ನೋಡುವ ಆಸೆ ಸರ್” ಎಂದು ನಮ್ಮೆಲ್ಲರ ಮಾನ ಉಳಿಸಿದ.

ಅಧಿಕಾರಿ ನಗುತ್ತಾ ಮೊಹರು ಒತ್ತಿ, “ನೀವೆಲ್ಲಿರೋದು?” ಎಂದು ನನ್ನನ್ನು ಕೇಳಿದರು.

“ಜನಕಪುರಿ. ಸ್ವಂತ ಮನೆ.”

“ಅಚ್ಛಾ, ಮುಂದಿನ ಸಲ ಇವರಿಗೆ ಅಲ್ಲೇ ಎಲ್ಲಾದರೂ ಮನೆ ಕೊಡಿಸಿ.”

“ನೋಡ್ತೀನಿ ಸರ್.”

ಸ್ಯಾಮ್ಯುಯಲ್ ನನ್ನ ಮುಖ ನೋಡಲಿಲ್ಲ. ಹಿಂದಿನ ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಂದಾಗ, ಗೇಟಿನಲ್ಲಿದ್ದ ‘ಮಹಡಿ ಮನೆ ಬಾಡಿಗೆಗೆ’ ಬೋರ್ಡನ್ನು, ಆಗಿನ್ನೂ ಮನೆ ಹುಡುಕುತ್ತಿದ್ದ ಅವನು ನಿಂತು ಓದಿದ್ದ. ನಾನು ಅದರ ಮಾತೆತ್ತದೆ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಲೇಬೇಕೆಂದು ಬಹಳ ಬಲವಂತ ಮಾಡಿದ್ದೆ.