ಎರಡನೇ ಚಾನೆಲ್ಲಿನಲ್ಲಿ ಒಂದು ಹೆಸರು

ವಾಕಿಟಾಕಿಯ ಪಕ್ಕೆಯಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ಬಾಯಿ, ಬಿಟ್ಟರೆ ಕಿವಿ. ಎರಡೂ ಒಟ್ಟಿಗೆ ನಡೆಯುವುದಿಲ್ಲ. ಈ ಏರ್ಪಾಟನ್ನು ಯಾರೋ ಅನುಭವಸ್ಥ ಸಂಸಾರಿಯೇ ಕಂಡುಹಿಡಿದಿರಬೇಕೆಂದು ಮೊದಲ ದಿನವೇ ಮೆಚ್ಚಿಕೊಂಡಿದ್ದೆ. ಅದೇ ಗುಂಡಿ ಮುಂದೆ ನನ್ನ ಮಾನವನ್ನು ಹೊಳೆದಂಡೆಯವರೆಗೂ ಹರಾಜು ಹಾಕೀತೆಂದು ಆಗ ತಿಳಿಯಲಿಲ್ಲ.

ಮಕ್ತಲದ ಆಚೆ, ಕೃಷ್ಣೆಗೆ ಹತ್ತಿರದ ಊರು ನಮ್ಮದು. ಕುರಿ ಸಾಕುವ ಮನೆತನ. ನಮ್ಮವರೂ ಅವರ ಇಬ್ಬರು ತಮ್ಮಂದಿರೂ ಮಂದೆ ಹೊಡೆದುಕೊಂಡು ದಂಡೆಗೆ ಇಳಿದರೆಂದರೆ ಫೋನಿಗೆ ಸಿಗುವುದಿಲ್ಲ. ಅದಕ್ಕೆ ನನ್ನ ಮೊಮ್ಮಗಳು ಲೈಸೆನ್ಸು ಬೇಡದ ನಮೂನೆಯ ಸೆಟ್ಟುಗಳನ್ನು ತರಿಸಿಕೊಟ್ಟಳು, ಅಣ್ಣತಮ್ಮಂದಿರ ಮೂರು ಮನೆಗೂ ಒಂದೊಂದು, ಮೂರು ಮಂದೆಗೂ ಒಂದೊಂದು. ಅವಳು ಗದ್ವಾಲದಲ್ಲಿ ಡಿಪ್ಲೊಮಾ ಓದುವವಳು. ನಾಲ್ಕನೇ ತರಗತಿಗೇ ಪಾಟಿ ಕೆಳಗಿಟ್ಟವಳ ಮೊಮ್ಮಗಳು ಗಾಳಿಯಲ್ಲಿ ಹೋಗುವ ಮಾತಿಗೆ ದಾರಿ ಹಾಕಿಕೊಡುತ್ತಾಳೆಂದರೆ, ಓದುಗರೇ, ಎದೆ ಉಬ್ಬದೆ ಇರುತ್ತದೆಯೇ? ಅವಳ ಸುದ್ದಿ ಎತ್ತಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಈ ಕಥೆಯ ದುರಂತಕ್ಕೂ ಅದೇ ಕಾರಣ.

ಸೆಟ್ಟಿನಲ್ಲಿ ಹೆಸರು ಹಿಡಿದು ಕರೆಯಬೇಕು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆಂಬ ಮಾತು ನಮ್ಮಲ್ಲುಂಟು. ದವಾಖಾನೆಯಲ್ಲಿ ಕೇಳಿದಾಗಲೂ ಪಕ್ಕದವರ ಬಾಯಿಂದ ಹೇಳಿಸಿದವಳು ನಾನು. ಹಾಗಾಗಿ ಗುಂಡಿ ಒತ್ತಿ, “ಏನ್ರೀ, ಊಟಕ್ಕ ಬರ್ರಿ” ಎಂದೆ. ಆ ಕರಕರ ಸದ್ದಿನಲ್ಲಿ ಎಲ್ಲ ಹೆಂಡಂದಿರ ದನಿಯೂ ಒಂದೇ. “ಬಂದೆ, ಬಂದೆ” ಎಂದು ಅಣ್ಣತಮ್ಮಂದಿರು ಮೂವರೂ ಒಬ್ಬರ ಮೇಲೊಬ್ಬರು ಓಗೊಟ್ಟರು. ಕಿರಿಯ ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ತನ್ನ ಮನೆಯ ಸೆಟ್ಟಿನಿಂದಲೇ ಕೇಳಿದಳು: “ಅಕ್ಕಾ, ಎಷ್ಟು ಮಂದಿಗೆ ರೊಟ್ಟಿ ಬಡದೀ?”

ಅಂದಿನಿಂದ ನಾನು ಸೆಟ್ಟು ಮುಟ್ಟಲಿಲ್ಲ. ರಜೆಗೆ ಬಂದ ಮೊಮ್ಮಗಳು ನಕ್ಕು, ನನ್ನ ಮತ್ತು ನಮ್ಮವರ ಸೆಟ್ಟುಗಳನ್ನು ಒಂದಾದ ಮೇಲೊಂದು ವೈರು ಚುಚ್ಚಿ ಕಂಪ್ಯೂಟರಿಗೆ ಕಟ್ಟಿದಳು. ಮೊದಲು ಸೆಟ್ಟಿನೊಳಗೆ ಇದ್ದುದನ್ನು ಕಂಪ್ಯೂಟರು ಓದಿಕೊಳ್ಳಬೇಕಂತೆ, ತಿದ್ದಬೇಕಾದ್ದನ್ನು ತಿದ್ದಿದ ಮೇಲೆ ವಾಪಸು ಬರೆಯಬೇಕಂತೆ. ಓದದೆ ಬರೆಯುವ ಧೈರ್ಯ ನನ್ನಂಥವಳಿಗೆ ಮಾತ್ರ. ಎರಡನೇ ಚಾನೆಲ್ಲಿಗೂ ಒಂದನೆಯದರ ಗಾಳಿದಾರಿಯನ್ನೇ ಕೊಟ್ಟು, ಅದಕ್ಕೆ ಅವಳು ಕಿವಿಗೆ ಬೀಳದಂಥ ಒಂದು ಸಣ್ಣ ಗುನುಗನ್ನು ಸೇರಿಸಿದಳು. ಆ ಗುನುಗಿನ ಜೊತೆ ಬಂದ ಮಾತಿಗಷ್ಟೇ ನಮ್ಮ ಸೆಟ್ಟು ಬಾಯಿ ಬಿಡುತ್ತದಂತೆ.

“ಒಂದಕ್ಕ ತಿರುವಿದ್ರ ಎಲ್ಲಾರ ಮಾತು ಬರ್ತೈತಿ ಅಜ್ಜೀ. ಎರಡಕ್ಕ ತಿರುವಿದ್ರ ಅಜ್ಜನ ಮಾತು ಒಂದೇ.”

ನನಗೆ ತಿಳಿದದ್ದು, ಇದು ಒಳಗಿನಿಂದ ಅಗಳಿ ಹಾಕಿದ ಕೋಣೆ ಎಂದು.

ಕೆಲವು ವಾರಗಳ ಮೇಲೆ ಗದ್ವಾಲದಿಂದ ಫೋನು ಬಂತು. ನಮ್ಮ ಹುಡುಗಿ ಕಾಲೇಜಿಗೇ ಮೊದಲಿಗಳಾಗಿ ಪಾಸಾಗಿದ್ದಳು. ಹಿಟ್ಟಿನ ಕೈಯಲ್ಲೇ ಸೆಟ್ಟು ಹಿಡಿದು, ಎರಡಕ್ಕೆ ತಿರುವಿ, “ಏನ್ರೀ” ಎಂದೆ. ಉತ್ತರವಿಲ್ಲ. ಮತ್ತೆ ಕರೆದೆ, ಇಲ್ಲ. ಉಕ್ಕುವ ಹಾಲಿಗೆ ಶಾಸ್ತ್ರ ಎಲ್ಲಿಯದು? ಬಾಗಿಲಂತೂ ಹಾಕಿದೆ, ಕೇಳುವವರು ಯಾರು ಎಂಬ ಧೈರ್ಯದಲ್ಲಿ ಆ ಹೆಸರು ಬಾಯಿಂದ ಬಂದೇಬಿಟ್ಟಿತು. ಉತ್ತರವಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ. ಮತ್ತೂ ಒಮ್ಮೆ, ಜೋಗುಳದ ಹಾಗೆ ಎಳೆದು. ಕಡೆಗೆ “ಹಾಂ, ಹೇಳು” ಎಂದರು, ಹೇಳಿದೆ.

ಸಂಜೆ ನಲ್ಲಿಯ ಹತ್ತಿರ ನೆಗೆಣ್ಣಿ ಕೊಡ ಕೆಳಗಿಟ್ಟು ನಿಂತಳು. “ಅಕ್ಕಾ, ಭಾವನ ಹೆಸರು ಅಷ್ಟು ಚಂದ ಐತಿ ಅಂತ ಇವತ್ತೇ ಗೊತ್ತಾತು ನೋಡು. ಸಾಕು ಬಿಡಕ್ಕ, ಸಾಕು ಬಿಡಕ್ಕ ಅಂತ ನಾವು ಇತ್ತಾಗಿಂದ ಬಡ್ಕೊಂಡ್ರೂ ನೀ ಬಿಡವಲ್ಲಿ.”

ನಾರಾಯಣಪೇಟೆ ಸೀರೆಯ ಅಷ್ಟಗಲದ ಸೆರಗೂ ನನ್ನ ಮುಖ ಮುಚ್ಚಲು ಸಾಲಲಿಲ್ಲ. ಮನೆಗೆ ಓಡಿ ಬಂದು ಮೊಮ್ಮಗಳಿಗೆ ಫೋನು ಮಾಡಿ ಜಗಳ ತೆಗೆದೆ. ಅವಳು ನಗು ತಡೆಯಲಾರದೆ ಹೇಳಿದಳು: “ಅವರ ಮಾತು ನಿನಗ ಬರಂಗಿಲ್ಲ ಅಂದಿದ್ನಿ. ನಿನ್ನ ಮಾತು ಅವರಿಗೆ ಹೋಗಂಗಿಲ್ಲ ಅಂದಿದ್ನೇನು?”

ಅಗಳಿ ಬಿದ್ದದ್ದು ನನ್ನ ಕಿವಿಗೆ, ಬಾಯಿಗಲ್ಲ. ನಗುವ ಊರು ನನಗೊಬ್ಬಳಿಗೇ ಕೇಳಿಸದಂತೆ ಮಾಡಿಕೊಂಡು ಅದನ್ನೇ ಏಕಾಂತವೆಂದು ನಂಬಿದ್ದೆ.

ನಾಚಿಕೆಗಿಂತ ದೊಡ್ಡದಾಗಿದ್ದು ಅಂಜಿಕೆ. ಅವರು ಮಂದೆ ಹೊಡೆದುಕೊಂಡು ಬಂದು, ಕಂಬಳಿ ಕೊಡವಿ, ಕೆಮ್ಮಿದರು. ಧೂಳಿಗೆ ದಿನವೂ ಕೆಮ್ಮುವವರೇ. ಆದರೂ ನಾನು ಹೆಸರು ಹೇಳಿದ್ದಕ್ಕೇ ಏನೋ ಎಂದು ನನ್ನ ಜೀವ ಹಾರಿತು. ಮೆಣಸಿನ ಕಷಾಯ ಮುಂದಿಟ್ಟು, ತಲೆ ಎತ್ತದೆ ಅಂದೆ: “ಬಾಯಿ ತಪ್ಪಿತ್ರೀ. ಎಲ್ಲಾರೂ ಕೇಳ್ಯಾರ. ನೀವು ಮೊದಲನೇ ಸಲಕ್ಕೇ ಓ ಅಂದಿದ್ರ ಒಂದಕ್ಕ ಮುಗೀತಿತ್ತು. ಕೇಳಿಸಲಿಲ್ಲೇನು?”

“ಕೇಳಿಸಿತ್ತು.”

“ಮತ್ತ?”

ಅವರು ಕಷಾಯವನ್ನು ಆರಿಸಿ ಆರಿಸಿ ಕುಡಿದರು. “ನಾ ಗುಂಡಿ ಒತ್ತಿದ್ರ ನೀ ನಿಲ್ತಿದ್ದಿ. ಅದಕ್ಕ ಒತ್ತಲಿಲ್ಲ.”

ಆ ಹೆಸರನ್ನು ಇಲ್ಲಿ ಬರೆಯಲಾರೆ. ಈಗ ನನ್ನ ಸೆಟ್ಟು ಒಂದರಲ್ಲೇ ಇರುತ್ತದೆ. “ಏನ್ರೀ” ಎಂದು ಎಲ್ಲರೆದುರೇ ಕರೆಯುತ್ತೇನೆ, ಮೈದುನರು ಬೇಕೆಂದೇ “ಬಂದೆ” ಎನ್ನುತ್ತಾರೆ. ನಮ್ಮವರು ಮಾತ್ರ ತಕ್ಷಣ ಗುಂಡಿ ಒತ್ತುವುದಿಲ್ಲ. ಏನನ್ನೋ ಕಾಯುವವರ ಹಾಗೆ ಒಂದು ಗಳಿಗೆ ಸುಮ್ಮನಿರುತ್ತಾರೆ. ಆ ಗಳಿಗೆಯಷ್ಟು ಹೊತ್ತು, ಅಡುಗೆಮನೆಯಲ್ಲಿ ಯಾರೂ ಇಲ್ಲದಿದ್ದರೂ, ನಾನು ಸೆರಗು ಮುಂದಕ್ಕೆ ಎಳೆದುಕೊಳ್ಳುತ್ತೇನೆ.