ಕಾಲು ನೋಡಿ ಹೇಳುವ ರೈಟ್

ನನಗೆ ಕೆಲಸ ಕಲಿಸಿದವರು ಕುಂದಾಪುರ–ಬ್ರಹ್ಮಾವರ ಬಸ್ಸಿನ ಹಳೆಯ ಕಂಡಕ್ಟರ್. ಅವರು ‘ರೈಟ್’ ಎಂದರೆ ಜೋಗುಳ ಹಾಡಿದಂತೆ. ಬೆಳಗಿನ ಎಳೆಬಿಸಿಲಲ್ಲಿ ಬಸ್ಸು ತೂಕಡಿಸುತ್ತ ಹೆದ್ದಾರಿಯ ಮೇಲೆ ತೇಲುತ್ತಿತ್ತು. ರೈಟ್ ಹೇಳುವ ಮುಂಚೆ ಅವರು ಬಗ್ಗಿ ಮೆಟ್ಟಿಲು ನೋಡಿ, ದನದ ಬೆನ್ನು ಸವರಿದಂತೆ ಬಾಗಿಲು ಸವರುತ್ತಿದ್ದರು. ಹತ್ತುವವರ, ಇಳಿಯುವವರ ಕಾಲು ನೋಡದೆ ಬಾಯಿ ತೆರೆಯಬಾರದು; ಪಾಠವೂ ಅಷ್ಟೇ: “ಕಾಲ್ ಕಂಡ್ ರೈಟ್ ಹೇಳ್ಕ್.”

ಮೊದಲು ಕಲಿಯಲು ಬಂದ ಇಬ್ಬರು ತಿಂಗಳೊಳಗೆ ಮುಂಬಯಿ ಬಸ್ಸು ಹತ್ತಿದ್ದರು. ಮೂರನೆಯವನಾದ ನಾನು ಊರಿನವರನ್ನೆಲ್ಲ ಅಣಕಿಸುವ ಚಾಳಿಯವನು; ಪಾಠ ಬಿಟ್ಟು ಕಂಡಕ್ಟರರ ಸ್ವರ ಕಲಿತೆ. ಒಂದು ಬೆಳಿಗ್ಗೆ ಸಾಲಿಗ್ರಾಮದಲ್ಲಿ, ಜನರನ್ನು ನಗಿಸಲು ಅವರದೇ ರಾಗದಲ್ಲಿ ‘ರೈಟ್’ ಎಂದೆ. ಡ್ರೈವರ್ ನಂಬಿ ಬಸ್ಸು ಬಿಟ್ಟರು. ಮೆಟ್ಟಿಲ ಮೇಲೆ ಒಂದೇ ಕಾಲಿಟ್ಟಿದ್ದ ಮೀನಿನ ಅಜ್ಜಿ ಬುಟ್ಟಿಯ ಸಮೇತ ರಸ್ತೆಗೆ ಬಿದ್ದರು.

ಪುಣ್ಯಕ್ಕೆ ಮೊಣಕಾಲು ಮಾತ್ರ ತರಚಿತ್ತು. ಸಂಜೆ ಹೆಗಲಿನ ಟಿಕೆಟ್ ಚೀಲ ಕಳಚಿ, “ನಾಳಿಂದ ನಾ ಬತ್ತಿಲ್ಲೆ” ಎಂದೆ. ಕಂಡಕ್ಟರ್ ಅದನ್ನು ಮತ್ತೆ ನನ್ನ ಹೆಗಲಿಗೇ ಹಾಕಿದರು.

“ನಾಳಿಗೆ ನೀನೇ ರೈಟ್ ಹೇಳ್. ನನ್ ಸ್ವರ ಬ್ಯಾಡ, ನಿಂದೇ ಹೊರ್ಡ್ಲಿ.”

ಮರುದಿನ ಸಾಲಿಗ್ರಾಮದಲ್ಲಿ ಬಗ್ಗಿ ನೋಡಿದೆ. ಮೆಟ್ಟಿಲಲ್ಲಿ ಯಾರ ಕಾಲೂ ಇರಲಿಲ್ಲ. ಬಾಯಿ ತೆರೆದರೆ, ಊರಿನವರ ಸ್ವರವೆಲ್ಲ ಬರುವ ಗಂಟಲಲ್ಲಿ ನನ್ನದೇ ಸಿಗಲಿಲ್ಲ. ಬಸ್ಸು ಕನಸಿನಲ್ಲಿದ್ದಂತೆ ನಿಂತೇ ಇತ್ತು. ಕಂಡಕ್ಟರ್ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು.

ಒಳಗಿನಿಂದ ಅಜ್ಜಿಯೇ ಕೂಗಿದರು: “ಎಂತ ಮಗಾ, ಇನ್ನೂ ಬಗ್ಗಿ ಕಾಣ್ತೆ? ನನ್ ಎರಡೂ ಕಾಲ್ ಒಳ್ಗೇ ಇತ್ತ್. ಹೇಳ್ ಮಾರಾಯ!”

ಹೇಳಿದೆ. ಕೆಟ್ಟ ಹಾರ್ನಿನಂತಿತ್ತು. ಬಸ್ಸು ಹೊರಟಿತು.