ಮಾವ ಆರಿಸಿದ ದೋಣಿ

ನಾವು ಮಕ್ಕಳಾಗಿದ್ದ ಕಾಲದ ಭಾಂಡುಪ್‌ನಲ್ಲಿ ಸ್ಟೇಷನ್ ದಾಟಿ ಪೂರ್ವಕ್ಕೆ ಅರ್ಧ ಗಂಟೆ ನಡೆದರೆ ಊರು ಮುಗಿದು ಉಪ್ಪಿನ ಗದ್ದೆಗಳು ಶುರುವಾಗುತ್ತಿದ್ದವು. ಅದರಾಚೆ ಖಾಡಿ, ಅಂದರೆ ಕಡಲಿನ ಹಿನ್ನೀರು. ಒಣಹಾಕಿದ ಬೊಂಬಿಲ್ ಮೀನಿನ ವಾಸನೆ ಗಾಳಿ ಬೀಸಿದ ದಿನ ನಮ್ಮ ಚಾಳಿನವರೆಗೂ ಬರುತ್ತಿತ್ತು. ಬಾಲ್ಯವೆಂದರೆ ಕುಂಟಾಬಿಲ್ಲೆ, ಗೋಳಿಬಜೆ ಎಂದು ಕಣ್ಣೊರೆಸಿಕೊಳ್ಳುವವರು ಒರೆಸಿಕೊಳ್ಳಲಿ. ಅವೆರಡೂ ನನಗಿದ್ದವು. ಆದರೆ ಖಾಡಿ ಎಂದೊಡನೆ ನನಗೆ ನೆನಪಾಗುವುದು ನನ್ನ ಸೋದರಮಾವ. ಅಷ್ಟು ಜಂಬದ ದಡ್ಡರನ್ನು ನಾನು ಆಮೇಲೆ ಕಂಡಿಲ್ಲ.

ಅಪ್ಪ ಘಾಟ್ಕೋಪರ್‌ನ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ವರ್ಷಗಟ್ಟಲೆ ಕಲ್ಲಿದ್ದಲಿನ ಒಲೆಯ ಮುಂದೆ ನಿಂತು ಎದೆಯಲ್ಲಿ ಕೆಮ್ಮು ಮನೆ ಮಾಡಿತ್ತು. ಆ ಹೊಗೆಯ ಕೆಲಸ ಬಿಡದಿದ್ದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಚಿಕ್ಕಂದಿನಲ್ಲಿ ಊರ ಹೊಳೆಯಲ್ಲಿ ದೋಣಿ ನಡೆಸಿ ಅಭ್ಯಾಸವಿದ್ದ ಅಪ್ಪ, ಒಂದು ಹಳೇ ದೋಣಿ ಕೊಂಡು ಖಾಡಿಯಲ್ಲಿ ಏಡಿ, ಸಿಗಡಿ ಹಿಡಿದು ಮಾರುವುದೆಂದು ನಿಶ್ಚಯಿಸಿದರು. ಕೂಡಿಟ್ಟದ್ದು ಒಂದೇ ದೋಣಿಗೆ ಸಾಕಾಗುವಷ್ಟು. ತಪ್ಪಿದರೆ ಇನ್ನೊಂದಕ್ಕೆ ಇರಲಿಲ್ಲ.

ಆರಿಸುವ ಅಧಿಕಾರ ಮಾತ್ರ ಮಾವನದು. ನಮ್ಮವರಲ್ಲಿ ಹೆಂಡತಿಯ ಅಣ್ಣನೆಂದರೆ ಮನೆಯ ಯಜಮಾನನಿಗಿಂತ ಒಂದು ಮೆಟ್ಟಿಲು ಮೇಲೆ. ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಮಾವ ದಿನಾ ಹತ್ತುತ್ತಿದ್ದದ್ದು ಲೋಕಲ್ ಟ್ರೇನು, ದೋಣಿಯಲ್ಲ. ಆದರೂ ಕಡಲು ತಮ್ಮ ರಕ್ತದಲ್ಲೇ ಇದೆ ಎಂದು ಹೇಳಿಕೊಂಡು ತಿರುಗುತ್ತಿದ್ದರು. ರಕ್ತದಲ್ಲಿದ್ದದ್ದು ಸಕ್ಕರೆ ಎಂದು ಆಮೇಲೆ ಗೊತ್ತಾಯಿತು.

ದೋಣಿಯ ವಿಷಯ ನಿಜವಾಗಿ ಗೊತ್ತಿದ್ದದ್ದು ಅಪ್ಪನ ತಾಯಿಗೆ. ಆಕೆಯ ಗಂಡ ದೋಣಿಯಲ್ಲೇ ಬದುಕಿದವರು. ಆದರೆ ಸೊಸೆಯ ಅಣ್ಣನ ಮಾತಿಗೆ ಅಡ್ಡ ಬರುವ ಹಾಗಿಲ್ಲವಲ್ಲ! ಹೊರಡುವ ಬೆಳಿಗ್ಗೆ ಅಜ್ಜಿ, ಅಪ್ಪನ ಜೊತೆ ಹೊರಟಿದ್ದ ನನ್ನನ್ನು ಮೂಲೆಗೆ ಕರೆದು, ಗೋಣಿಚೀಲ ಹೊಲಿಯುವ ದಬ್ಬಣವನ್ನು ಕೈಗಿತ್ತರು.

"ಮೇಲಿನ ಬಣ್ಣ ನೋಡ್ಬೇಡ ಮಗಾ. ನೀರಲ್ಲಿ ಮುಳುಗುವ ಜಾಗ ಉಂಟಲ್ಲ, ಅಲ್ಲಿ ಇದನ್ನು ಒತ್ತು. ಒಳಗೆ ಹೋದ್ರೆ ಹುಳ ತಿಂದದ್ದು. ಅಪ್ಪನ ಕಿವಿಯಲ್ಲಿ ಹೇಳು."

ನಾವು ಹೋದಾಗ ನೀರು ಇಳಿದಿತ್ತು. ಮಾರಾಟಕ್ಕಿದ್ದ ಎರಡು ದೋಣಿಗಳು ಕೆಸರಿನಲ್ಲಿ ವಾಲಿಕೊಂಡಿದ್ದವು. ಒಂದು ಬೂದು ಬಣ್ಣದ್ದು, ಮೀನೆಣ್ಣೆ ಹಚ್ಚಿ ಹಚ್ಚಿ ನಾರುತ್ತಿತ್ತು. ಅದರ ಯಜಮಾನ, ಒಬ್ಬ ಮುದುಕ, ಬಲೆ ಹೆಣೆಯುತ್ತ ತಲೆಯನ್ನೂ ಎತ್ತಲಿಲ್ಲ. ಇನ್ನೊಂದಕ್ಕೆ ಹೊಸದಾಗಿ ಡಾಂಬರು ಬಳಿದು, ಅಂಚಿಗೆ ಕೆಂಪು ಪಟ್ಟಿ ಎಳೆದಿದ್ದರು. ಅದರ ಯಜಮಾನ ಓಡಿಬಂದು, "ಏಕ್‌ದಮ್ ಪಕ್ಕಾ ಮಾಲ್ ಹೈ, ಶೇಟ್," ಎಂದ. ಶೇಟ್ ಎನ್ನಿಸಿಕೊಂಡದ್ದೇ ತಡ, ಮಾವ ಉಬ್ಬಿಹೋದರು.

ಆಮೇಲೆ ನಡೆದ ಪರೀಕ್ಷೆಯನ್ನು ಏನೆಂದು ಹೇಳಲಿ. ಮಾವ ಹಲಸಿನಹಣ್ಣು ನೋಡುವವರಂತೆ ದೋಣಿಯನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟರು. ಕೆಂಪು ಪಟ್ಟಿಯನ್ನು ಉಜ್ಜಿ ನೋಡಿ, ಕೈಗೆ ಬಣ್ಣ ಹತ್ತಲಿಲ್ಲವೆಂದು ತಲೆದೂಗಿದರು. ಬೂದು ದೋಣಿಯ ಬೆಲೆ ಕಡಿಮೆ ಎಂದು ತಿಳಿದಾಗ, ಅಗ್ಗದ್ದೆಂದರೆ ಅದರಲ್ಲೇನೋ ಐಬಿರಬೇಕು ಎಂದು ತೀರ್ಪು ಕೊಟ್ಟರು. ಕೊನೆಗೆ ತರಕಾರಿಯವನ ಹತ್ತಿರ ಕೊತ್ತಂಬರಿ ಪುಕ್ಕಟೆ ಕೇಳುವ ಹಾಗೆ ಎರಡು ಹುಟ್ಟು, ಒಂದು ಹಗ್ಗ, ಒಂದು ಹಳೇ ಬಲೆ ಕಿತ್ತುಕೊಂಡು, ಇಡೀ ಖಾಡಿಯನ್ನೇ ಗೆದ್ದವರಂತೆ ಅಪ್ಪನ ಕಡೆ ನೋಡಿದರು. ಅಪ್ಪ ದೋಣಿಗೆ ಒಂದು ಸುತ್ತು ಬಂದು ಕೈಯ ಕೆಸರು ಒರೆಸಿಕೊಂಡರು.

ಹೆಣ್ಣುಮಕ್ಕಳು ದೋಣಿ ಮುಟ್ಟಬಾರದೆಂದು ನನ್ನನ್ನು ದಂಡೆಯ ಮೇಲೆ ನಿಲ್ಲಿಸಿದ್ದರು. ಗಂಡಸರು ಚಹಾ ಕುಡಿಯಲು ಗುಡಿಸಲಿಗೆ ಹೋದಾಗ ನಾನು ಕೆಸರಿಗಿಳಿದೆ. ಡಾಂಬರಿನ ದೋಣಿಯ ಅಡಿಯಲ್ಲಿ ದಬ್ಬಣ ಒತ್ತಿದೆ. ಬೆಂದ ಇಡ್ಲಿಗೆ ಚುಚ್ಚಿದ ಹಾಗೆ ಪೂರ್ತಿ ಒಳಗೆ ಹೋಯಿತು. ಇನ್ನೊಂದು ಕಡೆ ಚುಚ್ಚಿದೆ, ಅಲ್ಲೂ ಹಾಗೆಯೇ. ಬೂದು ದೋಣಿಯಲ್ಲಿ ದಬ್ಬಣದ ತುದಿ ಕೂಡ ಇಳಿಯಲಿಲ್ಲ.

ಓಡಿ ಹೋಗಿ ಅಪ್ಪನ ಅಂಗಿ ಹಿಡಿದೆ. ಅಷ್ಟರಲ್ಲಿ ಮಾವ ನನ್ನ ಕೆಸರು ಕಾಲು ನೋಡಿದರು.

"ಎಂತ, ದೋಣಿ ಮುಟ್ಟಿದ್ಯಾ?"

"ಇಲ್ಲ," ಎಂದೆ. ದಬ್ಬಣ ಫ್ರಾಕಿನ ಜೇಬಿಗೆ ಹೋಯಿತು. ಹತ್ತು ವರ್ಷದವಳಿಗೆ ಮಾವನ ಬೈಗುಳ ಅಪ್ಪನ ಎದೆಗಿಂತ ದೊಡ್ಡದಾಗಿ ಕಂಡಿತು. ಆ ಹುಡುಗಿಯ ಬಗ್ಗೆಯೂ ನನಗೆ ಅಂಥ ಗೌರವವೇನಿಲ್ಲ. ನನ್ನೆದುರೇ ಅಪ್ಪ ಹಣ ಕೊಟ್ಟರು.

ದೋಣಿ ಎರಡು ತಿಂಗಳು ನಡೆಯಿತು. ಅದರಲ್ಲಿ ಅಪ್ಪ ಏಡಿ ಹಿಡಿದದ್ದಕ್ಕಿಂತ ನೀರು ಮೊಗೆದು ಚೆಲ್ಲಿದ್ದೇ ಹೆಚ್ಚು. ಮೊದಲ ಮಳೆಗೆ ಅಡಿಯ ಹಲಗೆ ಬಿಟ್ಟುಕೊಂಡಿತು. ಅಪ್ಪ ಈಜಿ ದಡ ಸೇರಿದರು. ಮಾವ ಕಾರಣವನ್ನು ತಕ್ಷಣ ಕಂಡುಹಿಡಿದರು: ಹುಡುಗಿ ಮುಟ್ಟಿದ್ದಾಳೆ. ಚಾಳಿನ ಎಲ್ಲರಿಗೂ ಅದನ್ನೇ ಹೇಳಿದರು. ಆ ಬೂದು ದೋಣಿ ಇನ್ನೂ ಎಷ್ಟೋ ಮಳೆಗಾಲ ಖಾಡಿಯಲ್ಲಿ ಓಡಾಡುತ್ತಿತ್ತು. ಅಪ್ಪ ಮತ್ತೆ ಅದೇ ಒಲೆಯ ಮುಂದೆ ನಿಂತರು.

ನಾನು ಟೈಪಿಸ್ಟ್ ಕೆಲಸಕ್ಕೆ ಸೇರಿದ ವರ್ಷ ಅವರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ದಬ್ಬಣದ ವಿಷಯವನ್ನೆಲ್ಲ ಹೇಳಿ ಅತ್ತುಬಿಟ್ಟೆ. ಅಪ್ಪ ಕೆಮ್ಮು ನಿಲ್ಲುವವರೆಗೆ ಕಾದು ಹೇಳಿದರು:

"ನೀನ್ಯಾಕೆ ಅಳ್ತಿ? ನಂಗೆ ಅವತ್ತೇ ಗೊತ್ತಿತ್ತು. ಹೆಬ್ಬೆರಳು ಒತ್ತಿ ನೋಡಿದ್ದೆ, ಮರ ಮೆತ್ತಗಿತ್ತು. ಆದ್ರೆ ನಾಲ್ಕು ಜನರ ಎದುರು ಭಾವನ ಮಾತು ತೆಗೆದುಹಾಕ್ಲಿಕ್ಕೆ ಆಗ್ತದಾ?"

ನನಗೆ ಸಿಟ್ಟು ಬಂತು. ಆ ಮರ್ಯಾದೆಯ ಮೇಲೆ ಬಂದಷ್ಟು ತಿರಸ್ಕಾರ ಮಾವನ ಮೇಲೂ ಬಂದಿರಲಿಲ್ಲ. ಈಗ ಆ ಉಪ್ಪಿನ ಗದ್ದೆಗಳ ಪಕ್ಕದಲ್ಲಿ ದೊಡ್ಡ ರಸ್ತೆ ಹೋಗಿದೆ, ಚಾಳು ಬಿದ್ದು ಬಿಲ್ಡಿಂಗ್ ಎದ್ದಿದೆ. ಹಿರಿಯರ ಮಾತಿಗೆ ಹಾಗೆ ತಲೆಬಾಗುವವರೂ ಇಲ್ಲವಾದರು ಎಂದು ನನ್ನ ಓರಗೆಯವರು ಕೊರಗುತ್ತಾರೆ. ನಾನು ಕೊರಗುವುದಿಲ್ಲ. ಮಾವ ಎಂಬತ್ತು ದಾಟುವವರೆಗೂ ಮದುವೆ ಮುಂಜಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತರು. ಅಪ್ಪನಿಗೆ ಐವತ್ತೂ ತುಂಬಲಿಲ್ಲ.